ಹೋಮ್‌ವರ್ಕ್ ಅಪ್ಪ

ಮಗುವಿಗೆ ಕೊಟ್ಟ ಹೋಮ್‌ವರ್ಕನ್ನು ತನಗೇ ಕೊಟ್ಟದ್ದೆಂದು ತಿಳಿದ ಗೃಹಸ್ಥನಿಗೆ ಹೋಮ್‌ವರ್ಕ್ ಅಪ್ಪ ಎಂದು ಹೆಸರು. ಹೋಮ್‌ವರ್ಕಿಗೆ ಕನ್ನಡದಲ್ಲಿ ಮನೆಗೆಲಸ ಎಂಬ ಮಾತೂ ಉಂಟು. ಪಾತ್ರೆ ತೊಳೆಯುವ ಮನೆಗೆಲಸ ಬೇರೆ, ಇದು ಬೇರೆ ಎಂಬುದು ಈತನಿಗೆ ಚೆನ್ನಾಗಿ ಗೊತ್ತು; ಮೊದಲನೆಯದಕ್ಕೆ ಕರೆ ಬಂದಾಗಲೇ ಎರಡನೆಯದು ನೆನಪಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಲ್ಲಿ ಸಂಜೆ ಏಳೂವರೆಯ ಮೇಲೆ, ಊಟದ ಮೇಜಿನ ಒಂದು ತುದಿಯಲ್ಲಿ, ಇನ್ನೂ ಆಫೀಸಿನ ಐಡಿ ಕಾರ್ಡು ಕೊರಳಲ್ಲಿರುವಂತೆಯೇ ಈತ ಕಾಣಸಿಗುತ್ತಾನೆ. ಇದೇ ಕೆಲಸವನ್ನು ವಾರದ ಆರೂ ದಿನ ಅಮ್ಮಂದಿರು ಮಾಡುತ್ತಾರೆ. ದಿನವೂ ಮಾಡುವವರಿಗೆ ಪ್ರತ್ಯೇಕ ಹೆಸರು ಹುಟ್ಟುವುದಿಲ್ಲ. ವಾರಕ್ಕೆರಡು ಸಲ ಕೂರುವ ಅಪ್ಪನಿಗೆ ಹುಟ್ಟಿದೆ.

ಈತನನ್ನು ಗುರುತಿಸಲು ವ್ಯಾಕರಣವೊಂದೇ ಸಾಕು. ಕೆಲಸ ಮುಗಿದಾಗ ಉತ್ತಮ ಪುರುಷ ಬಹುವಚನ: "ನಾವು ಪ್ರಾಜೆಕ್ಟ್ ಮುಗಿಸಿಬಿಟ್ವಿ." ಪರೀಕ್ಷೆ ಹತ್ತಿರ ಬಂದಾಗಲೂ ಅದೇ: "ನಾಳೆ ನಮಗೆ ಗಣಿತ ಟೆಸ್ಟ್ ಇದೆ." ತಪ್ಪು ಸಿಕ್ಕಿತೋ, ತಕ್ಷಣ ಮಧ್ಯಮ ಪುರುಷ ಏಕವಚನ: "ಏನೋ ಬರೆದಿದೀಯ ನೀನು?" ಮಗು ಇನ್ನೂ ಪುರುಷ, ವಚನಗಳ ಪಾಠಕ್ಕೆ ಬಂದಿರುವುದಿಲ್ಲ, ಆದರೂ ವಾಕ್ಯದ ಮೊದಲ ಪದ ಕೇಳಿಯೇ ಮುಂದಿನದನ್ನು ಊಹಿಸಿಕೊಳ್ಳುತ್ತದೆ.

ಈತ ಬೆಳೆದ ಮನೆಯಲ್ಲಿ ಇಂಥ ವ್ಯವಸ್ಥೆ ಇರಲಿಲ್ಲ. ಅಲ್ಲಿ ಅಪ್ಪ ಎಂದರೆ ವರ್ಷಕ್ಕೆ ಮೂರು ಸಲ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ವ್ಯಕ್ತಿ. "ನಾನು ಯಾವ ಕ್ಲಾಸು ಅಂತಲೇ ನಮ್ಮಪ್ಪನಿಗೆ ಗೊತ್ತಿರಲಿಲ್ಲ" ಎಂಬ ಮಾತನ್ನು ಈತ ಅರ್ಧ ಹೆಮ್ಮೆಯಿಂದ, ಅರ್ಧ ದೂರಿನಂತೆ ಹೇಳುತ್ತಾನೆ. ಆ ಕೊರತೆಯನ್ನು ತನ್ನ ಮಗುವಿಗೆ ಬಡ್ಡಿ ಸಮೇತ ತುಂಬಿಕೊಡುವುದೇ ಈಗ ನಡೆದಿರುವ ಕಾರ್ಯಕ್ರಮ.

ಕಷ್ಟ ಆರಂಭವಾಗುವುದು ವ್ಯವಕಲನದಿಂದ. 52ರಲ್ಲಿ 27 ಕಳೆಯಬೇಕು. "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಎನ್ನುತ್ತಾನೆ ಅಪ್ಪ.

"ಸಾಲ ಅನ್ನಬಾರದಂತೆ ಅಪ್ಪಾ. ಹತ್ತನ್ನು ಬಿಡಿಸಬೇಕಂತೆ."

"ಎರಡೂ ಒಂದೇ ಕಣೋ."

"ಸಾಲ ಆದ್ರೆ ವಾಪಸ್ ಕೊಡಬೇಕಲ್ವಾ? ಯಾವಾಗ ಕೊಡ್ತೀವಿ?"

ಇಪ್ಪತ್ತು ವರ್ಷದ ಗೃಹಸಾಲದ ಕಂತು ಕಟ್ಟುತ್ತಿರುವವನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಪ್ರಶ್ನೆಯೇನೋ ನ್ಯಾಯವಾದದ್ದೇ. ಹಿಂದೆ ಕಲಿಸುತ್ತಿದ್ದ ಒಂದು ಕ್ರಮದಲ್ಲಿ ಮೇಲಿನ ಬಿಡಿಗೆ ಹತ್ತು ಕೂಡಿಸಿದರೆ ಕೆಳಗಿನ ಹತ್ತರ ಸ್ಥಾನಕ್ಕೆ ಒಂದು ಸೇರಿಸಿ ಲೆಕ್ಕ ಸರಿತೂಗಿಸುತ್ತಿದ್ದರು. ಅಲ್ಲಿ ಸಾಲ ತೀರುತ್ತಿತ್ತು. ಈಗಿನ ಕ್ರಮದಲ್ಲಿ ಸಾಲದ ಮಾತೇ ಇಲ್ಲ. ಐದು ಹತ್ತುಗಳಲ್ಲಿ ಒಂದನ್ನು ಬಿಡಿಸಿದರೆ ನಾಲ್ಕು ಹತ್ತು, 12 ಬಿಡಿ. ಹನ್ನೆರಡರಲ್ಲಿ ಏಳು ಹೋದರೆ ಐದು, ನಾಲ್ಕರಲ್ಲಿ ಎರಡು ಹೋದರೆ ಎರಡು, ಉತ್ತರ 25. ಮಗು ಇದನ್ನು ಕಡ್ಡಿಕಟ್ಟು ಬಿಚ್ಚಿ ಕಂಡಿದೆ, ಅಪ್ಪ ಬಾಯಿಪಾಠದಿಂದ ಬಲ್ಲ. ಇಬ್ಬರ ಉತ್ತರವೂ ಒಂದೇ, ಜಗಳ ಮಾತ್ರ ಮುಕ್ಕಾಲು ಗಂಟೆ. "ಮಿಸ್ ಹಾಗೆ ಹೇಳಿಕೊಟ್ಟಿಲ್ಲ" ಎಂಬ ವಾಕ್ಯಕ್ಕೆ ಈ ಮನೆಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತೂಕ, ಮೇಲ್ಮನವಿಗೆ ಅವಕಾಶವಿಲ್ಲ.

ಗಣಿತದಲ್ಲಿ ಸೋತವನು ಕನ್ನಡಕ್ಕೆ ಬರುತ್ತಾನೆ. "ಕನ್ನಡ ನಾನ್ ನೋಡ್ಕೋತೀನಿ ಬಿಡು" ಎಂದು ಅಡುಗೆಮನೆಗೆ ಕೇಳುವಂತೆ ಸಾರುತ್ತಾನೆ. ಮಳೆಗಾಲ ಯಾವ ಸಂಧಿ? ಕೊಂಚ ಯೋಚಿಸಿ, ಮಳೆ ಆಗಮಿಸುವುದರಿಂದ ಆಗಮ ಸಂಧಿ ಎಂದು ಬರೆಸುತ್ತಾನೆ. ಮರುದಿನ ಪುಸ್ತಕದಲ್ಲಿ ಕೆಂಪು ಶಾಯಿ: ಮಳೆ, ಕಾಲ ಸೇರುವಾಗ ಕಕಾರಕ್ಕೆ ಗಕಾರ ಬಂದದ್ದರಿಂದ ಅದು ಆದೇಶ ಸಂಧಿ. ಆ ಸಂಜೆ ಆಫೀಸಿನಲ್ಲಿ ಮೀಟಿಂಗ್ ತಡವಾಗುತ್ತದೆ.

ಈತನ ಪೂರ್ಣ ವೈಭವವನ್ನು ಕಾಣಬೇಕಾದರೆ ಪ್ರಾಜೆಕ್ಟಿನ ರಾತ್ರಿ ಹೋಗಬೇಕು. ಹದಿನೈದು ದಿನದ ಹಿಂದೆ ಡೈರಿಯಲ್ಲಿ ಬರೆದುಕೊಟ್ಟ ಸುದ್ದಿ ಹೊರಬೀಳುವುದು ಒಂಬತ್ತೂಕಾಲಿಗೆ: "ಅಪ್ಪಾ, ನಾಳೆ ಮಾಡೆಲ್ ತಗೊಂಡು ಹೋಗ್ಬೇಕು." ಸ್ಟೇಷನರಿ ಅಂಗಡಿಯವರು ಅರ್ಧ ಎಳೆದ ಶಟರನ್ನು ಮತ್ತೆ ಎತ್ತುತ್ತಾರೆ. ಊರಿನ ಶಿಕ್ಷಣತಜ್ಞರ ಪಟ್ಟಿ ಮಾಡಿದರೆ ಇವರ ಹೆಸರು ಮೊದಲು ಬರಬೇಕು. "ಯಾವ ಕ್ಲಾಸ್ ಸಾರ್? ಐದಾ? ಹಾಗಾದ್ರೆ ಜ್ವಾಲಾಮುಖಿ. ಸೌರಮಂಡಲ ಹೋದ ವಾರ ಮುಗೀತು" ಎಂದು ಪಟ್ಟಿ ಕೇಳದೆಯೇ ಥರ್ಮಾಕೋಲ್, ಫೆವಿಕಾಲ್, ಕೆಂಪು ಬಣ್ಣ ಕಟ್ಟಿಕೊಡುತ್ತಾರೆ. ಬಣ್ಣ ಸಾಲದಾದಾಗ ಅಪ್ಪನಿಗೆ ಗೇಟಿಗೆ ಬಳಿದು ಉಳಿದ ಪೇಂಟು ನೆನಪಾಗಿ, ಅದಕ್ಕೆ ಥಿನ್ನರ್ ಬೆರೆಸಿ ಬಳಿಯುತ್ತಾನೆ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್. ಥಿನ್ನರ್ ತಾಗಿದರೆ ಕರಗುತ್ತದೆ. ಬೆಟ್ಟ ಕಣ್ಣೆದುರೇ ಕುಸಿದು ಅಸಲಿ ಜ್ವಾಲಾಮುಖಿಯ ಬಾಯಿಗಿಂತ ಅಸಲಿಯಾದ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅದರೊಳಗೆ ಅಡುಗೆ ಸೋಡಾ, ಮೇಲೆ ವಿನೆಗರ್. ಇಂಗಾಲದ ಡೈಆಕ್ಸೈಡ್ ನೊರೆನೊರೆಯಾಗಿ ಉಕ್ಕಿ ಮೇಜುಬಟ್ಟೆಯ ತನಕ ಹರಿಯುತ್ತದೆ. ಇಷ್ಟೂ ಹೊತ್ತು ಮಗುವಿನ ಪಾತ್ರ ಕುಂಚ ತೊಳೆಯುವ ನೀರಿನ ಲೋಟ ಹಿಡಿದು ನಿಲ್ಲುವುದು. ಹನ್ನೊಂದಕ್ಕೆ ಅದೂ ಇಲ್ಲದೆ ಸೋಫಾದ ಮೇಲೆ ನಿದ್ದೆ. ಮರುದಿನ ಬಂದ ಗ್ರೇಡು ಬಿ ಪ್ಲಸ್. ಮಗು ಅದನ್ನು ಹೇಳಿ ಆಟಕ್ಕೆ ಓಡುತ್ತದೆ. ಅಪ್ಪ ಮಾತ್ರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರಿಗೆ ಎ ಬಂತೆಂದು ಹುಡುಕುತ್ತ, ಅವರ ಅಪ್ಪ ಸಿವಿಲ್ ಎಂಜಿನಿಯರ್ ಎಂದು ತಿಳಿದ ಮೇಲೆ ಕೊಂಚ ಸಮಾಧಾನ ತಂದುಕೊಳ್ಳುತ್ತಾನೆ.

ಸರ್ಕಾರ ಈತನನ್ನು ಮರೆತಿಲ್ಲ. ಮೈಸೂರಿನ ಆರ್. ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ 1989ರಲ್ಲಿ ಮಾಡಿದ ಮೊದಲ ಭಾಷಣ ಶಾಲಾ ಮಕ್ಕಳ ಹೊರೆಯನ್ನು ಕುರಿತದ್ದು. ಆಮೇಲೆ ರಚನೆಯಾದ ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೆಯ ತರಗತಿಯವರೆಗೆ ಹೋಮ್‌ವರ್ಕೇ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಹೋಮ್‌ವರ್ಕ್ ಅಪ್ಪ ಈ ವಾರದ ಪಾಲನ್ನು ಸೋಮವಾರ ರಾತ್ರಿಯೇ ಮುಗಿಸಿ, ಮಂಗಳವಾರದಿಂದ ಅಕ್ಷರ ದುಂಡಗಾಗಲೆಂದು ಕಾಪಿ ರೈಟಿಂಗ್ ಬರೆಸುತ್ತಾನೆ.

ಕೆಲವು ಮನೆಗಳಲ್ಲಿ ಈ ಸದ್ದುಗದ್ದಲ ಇರುವುದಿಲ್ಲ. ಅಲ್ಲಿ ಮಗು ಸಂಜೆ ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಬೀದಿಯಲ್ಲಿ ಒಂದಿಷ್ಟು ಕುಣಿದ ಮೇಲೆ, ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂರುತ್ತದೆ. ಎದುರಿಗೆ ಅಜ್ಜಿ ಮೊರದಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಿರುತ್ತಾರೆ. ಪೆನ್ಸಿಲ್ ಮುಟ್ಟುವುದಿಲ್ಲ, ತಪ್ಪು ತಿದ್ದುವುದಿಲ್ಲ, ನಡುನಡುವೆ "ಏನಂತೋ ಅದು?" ಎನ್ನುತ್ತಾರೆ ಅಷ್ಟೆ. ಸೂರ್ಯನೊಳಗೆ 13 ಲಕ್ಷ ಭೂಮಿ ಹಿಡಿಸುತ್ತವೆ ಎಂದರೆ "ಸಾಕು ಸುಮ್ನಿರೋ, ಅಜ್ಜಿ ಅಂತ ಏನ್ ಬೇಕಾದ್ರೂ ಹೇಳ್ತೀಯ" ಎಂದು ನಂಬಲು ಒಪ್ಪುವುದಿಲ್ಲ. ಒಪ್ಪಿಸಲು ಮಗು ಪುಸ್ತಕ ತಂದು, ಗಟ್ಟಿಯಾಗಿ ಓದಿ, ನಿಂಬೆಹಣ್ಣು, ಸಾಸಿವೆ ಇಟ್ಟು ತೋರಿಸಬೇಕಾಗುತ್ತದೆ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ, ಅಜ್ಜಿಗೆ ತೂಕಡಿಕೆ ಬಂದಿರುತ್ತದೆ. ಈ ಮಕ್ಕಳ ಪುಸ್ತಕ ತಪ್ಪುಗಳ ಸಮೇತ ಶಾಲೆಗೆ ಹೋಗುವುದರಿಂದ ಎಲ್ಲಿ ಅರ್ಥವಾಗಿಲ್ಲವೆಂದು ಟೀಚರಿಗೆ ಕಾಣುತ್ತದೆ. ಹೋಮ್‌ವರ್ಕ್ ಅಪ್ಪನ ಮನೆಯಿಂದ ಹೋದ ಪುಸ್ತಕದಲ್ಲಿ ಕಾಣುವುದು ಅಪ್ಪನಿಗೆ ಏನು ಅರ್ಥವಾಗಿಲ್ಲ ಎಂಬುದು ಮಾತ್ರ.

ಪೋಷಕರ ಸಭೆಯಲ್ಲಿ ಈತ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಹೋಮ್‌ವರ್ಕ್ ಜಾಸ್ತಿಯಾಯಿತೆಂದು ಯಾರೋ ಎದ್ದು ಹೇಳಿದರೆ ಚಪ್ಪಾಳೆ ತಟ್ಟುತ್ತಾನೆ. ಕಡಿಮೆಯಾಯಿತೆಂದು ಇನ್ನೊಬ್ಬರು ಹೇಳಿದರೂ ತಟ್ಟುತ್ತಾನೆ.

ಈ ವೃತ್ತಿಗೆ ನಿವೃತ್ತಿ ಬರುವುದು ಎಂಟು, ಒಂಬತ್ತನೆಯ ತರಗತಿಯ ಸುಮಾರಿಗೆ. ಬೀಜಗಣಿತದವರೆಗೆ ಹೇಗೋ ಹಲ್ಲು ಕಚ್ಚಿ ಬಂದವನು ಮುಂದಿನದನ್ನು ಟ್ಯೂಷನ್‌ಗೆ ಒಪ್ಪಿಸಿ ಫೀಸು ಕಟ್ಟುವ ಕೆಲಸಕ್ಕೆ ಬಡ್ತಿ ಪಡೆಯುತ್ತಾನೆ. ಎರಡನೆಯ ಮಗುವಿನ ಕಾಲಕ್ಕಂತೂ ಆಳೇ ಬದಲು. ಟಿವಿ ನೋಡುತ್ತಲೇ ಡೈರಿಗೆ ಸಹಿ. ಮಗಳು ಏನು ಬರೆದಳು, ಎಷ್ಟು ಹೊತ್ತು ಬರೆದಳು ಎಂಬುದು ತಿಳಿಯುವುದೇ ಇಲ್ಲ; ಅವಳೂ ಹೇಳುವುದಿಲ್ಲ, ಮುಗಿಸಿ ಮಲಗುತ್ತಾಳೆ. ಅವಳಿಗೂ ಜ್ವಾಲಾಮುಖಿಯ ಸರದಿ ಬಂದಾಗ ಅಟ್ಟದ ಮೇಲಿನ ಹಳೆಯದನ್ನೇ ಇಳಿಸಿ, ಧೂಳು ಒರೆಸಿ, ಅಣ್ಣನ ಹೆಸರಿನ ಚೀಟಿಯ ಮೇಲೆ ತನ್ನ ಚೀಟಿ ತಾನೇ ಅಂಟಿಸಿಕೊಂಡು ಹೋಗುತ್ತಾಳೆ. ಮದುವೆಮನೆಯಲ್ಲಿ ಯಾರಾದರೂ "ಚಿಕ್ಕವಳು ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದರೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹೇಳುತ್ತಾನೆ: "ನಾಲ್ಕೋ ಐದೋ ಇರಬೇಕು. ತಡೀರಿ, ಅವಳನ್ನೇ ಕೇಳೋಣ."