ಸುಳ್ಳು ಹೇಳಲು ಬಾರದ ಪೆಟ್ಟಿಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಹೋದ ಬೇಸಿಗೆ ಪೂರ್ತಿ ಊಟದ ಹೊತ್ತಿಗೆ ಒಂದೇ ವ್ಯಾಜ್ಯ. ಮಗ ಗೇಮಿಂಗ್ ಪಿಸಿಯ ಪಕ್ಷ. ರಜೆಗೆ ಬಂದಿದ್ದ ತಂಗಿಯ ಮಗ ಪ್ಲೇಸ್ಟೇಷನ್ ಪಕ್ಷ. ದುಡ್ಡು ಕೊಡಬೇಕಾದವನು ನಾನಾದ್ದರಿಂದ ನ್ಯಾಯಾಧೀಶನ ಕುರ್ಚಿ ನನಗೇ ಬಂತು.

"ಮಾವ, ಪಿಎಸ್5 ನಮ್ಮ ದೇಶಕ್ಕೆ 2021ರಲ್ಲಿ ಬಂದಾಗ 49,990 ರೂಪಾಯಿ. ಆಗ ಅಷ್ಟು ದುಡ್ಡಿಗೆ ಒಳ್ಳೇ ಗ್ರಾಫಿಕ್ಸ್ ಕಾರ್ಡೇ ಸಿಕ್ತಿರಲಿಲ್ಲ, ಇನ್ನು ಪಿಸಿ ಎಲ್ಲಿಂದ?" ಅಂದ ತಂಗಿಯ ಮಗ. ತಂದು ಟೀವಿಗೆ ಸಿಕ್ಕಿಸಿದರೆ ಮುಗಿಯಿತಂತೆ. ಆಡಿ ಬೇಜಾರಾದ ಡಿಸ್ಕನ್ನು ಮಾರಿಬಿಡಲೂಬಹುದು.

"ಪೆಟ್ಟಿಗೆ ಅಗ್ಗ, ಸರಿ. ಹೊಸ ಆಟ ಒಂದೊಂದಕ್ಕೂ ಐದು ಸಾವಿರದ ಹತ್ತಿರ. ಅದನ್ನೇ ಆನ್‌ಲೈನಿನಲ್ಲಿ ಆಡೋಕೆ ಮೇಲೆ ಚಂದಾ. ಪಿಸೀಲಿ ಚಂದಾ ಇಲ್ಲ, ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡೀಲಿ ಸೇಲ್ ಬಂದ್ರೆ ಆಟ ಕಾಲು ಬೆಲೆಗೂ ಸಿಗುತ್ತೆ," ಎಂದ ಮಗ. ನನಗೆ ನಮ್ಮ ಪ್ರಿಂಟರ್ ನೆನಪಾಯಿತು. ಅದನ್ನು ಕೊಂಡ ದಿನ ಗೆದ್ದೆನೆಂದುಕೊಂಡಿದ್ದೆ. ಆಮೇಲೆ ಶಾಯಿಗೆ ಸುರಿದ ಹಣದಲ್ಲಿ ಇನ್ನೊಂದು ಪ್ರಿಂಟರ್ ಬರುತ್ತಿತ್ತು.

ಲೆಕ್ಕ ಸಮಸಮವಾಗಿ ನಿಂತಿದ್ದಾಗ ಮಗ ಬ್ರಹ್ಮಾಸ್ತ್ರ ಬಿಟ್ಟ: "ಅಮ್ಮಾ, ಪಿಸಿ ಓದೋಕೂ ಆಗುತ್ತೆ." ಅಲ್ಲಿಗೆ ಕೇಸು ಖುಲಾಸೆ. ಕನ್ಸೋಲ್ ಬಡಪಾಯಿ ಆಟಕ್ಕೆಂದೇ ಹುಟ್ಟಿದ್ದು. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮಧ್ಯಮ ವರ್ಗದ ಮನೆಯಲ್ಲಿ ವಸ್ತುವಿನ ಬೆಲೆ ಎಷ್ಟಾದರೂ ಆಗಲಿ, ಜೊತೆಗೊಂದು ನೆಪ ಸಿಗಬೇಕು.

ಈ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆ ತಾಪತ್ರಯ ಇರಲಿಲ್ಲ. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ ಎಂದು ದೇವರುಗಳೆಲ್ಲ ಸಾಲಾಗಿ ಕೂತಿರುವ ಆ ಗ್ರಂಥದಲ್ಲೇ ಕೌತುಕನಿಧಿಯೆಂದು ಆಟಗಳಿಗೂ ಜಾಗ. ಮುನ್ನೂರಕ್ಕೂ ಮಿಕ್ಕ ಎಲೆಗಳ ಗಂಜೀಫಾ ಆಟ ಕಟ್ಟಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿ ಹುಡುಕಿದರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಪಟಗಳಿವೆ. 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡ ಮೇಲೆ ಪುರುಸೊತ್ತೂ ಇತ್ತೆನ್ನಿ. ಆದರೂ ಗಂಜೀಫಾ ಆಡಿದರೆ ಗಣಿತ ಬರುತ್ತದೆಂದು ರಾಣೀವಾಸಕ್ಕೆ ಸಮಜಾಯಿಷಿ ಕೊಟ್ಟಿರಲಾರರು.

ಪಿಸಿ ಬಂತು. ರ‍್ಯಾಮ್ ಈಗ, ದೊಡ್ಡ ಕಾರ್ಡು ದಸರೆಗೆ ಎಂದು ಕಂತಿನಲ್ಲಿ ಬೆಳೆಯುತ್ತಿದೆ. ಕರೆಂಟು ಹೋಗುವ ಭಯಕ್ಕೆ ಯುಪಿಎಸ್ ಬೇರೆ. ಇದ್ಯಾವುದೂ ವ್ಯಾಜ್ಯದ ಲೆಕ್ಕಕ್ಕೆ ಬಂದಿರಲಿಲ್ಲ.

ಮೊನ್ನೆ ರಾತ್ರಿ ಹನ್ನೊಂದಾಗಿತ್ತು. ಮಗ ಮಲಗಿದ್ದ. "ಏನ್ರೀ, ಇನ್ನೂ ಮಲಗಲಿಲ್ವಾ?" ಎಂದು ಕೋಣೆಯಿಂದ ಇವಳ ದನಿ.

"ಟ್ಯಾಕ್ಸ್ ರಿಟರ್ನ್ ತುಂಬ್ತಿದೀನಿ ಕಣೇ," ಎಂದೆ. ಅಷ್ಟರಲ್ಲಿ ನನ್ನ ಕಾರು ತಿರುವಿನಲ್ಲಿ ಗೋಡೆಗೆ ಗುದ್ದಿತು. ಸ್ಪೀಕರ್ ಆರಿಸುವುದು ಮರೆತಿದ್ದೆ.