ಮಾನ್ಯರು ಹಾಜರಿದ್ದಾರೆಯೇ?

ಪಕ್ಷಭೇದವಿಲ್ಲದೆ ಸಕಲ ನಾಯಕರ ಸನ್ನಿಧಾನಕ್ಕೆ, ಚನ್ನಗಿರಿ ತಾಲ್ಲೂಕು ತ್ಯಾವಣಿಗೆಯ ಅಡಿಕೆ ಬೆಳೆಗಾರನೊಬ್ಬನ ಬಹಿರಂಗ ಅರಿಕೆ.

ಹೈಕೋರ್ಟಿನಲ್ಲಿ ಕಕ್ಷಿದಾರ ಎದುರಿಗೆ ಇರಲೇಬೇಕೆಂದಿಲ್ಲ. ವಕಾಲತ್ತಿಗೆ ಸಹಿ ಬಿದ್ದರೆ ಮಿಕ್ಕದ್ದು ವಕೀಲರ ಪಾಡು. ಸಿವಿಲ್ ವ್ಯಾಜ್ಯವಾದರಂತೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಮಂತ್ರಿಗಳಿಗೆ ಖುದ್ದು ಹಾಜರಿಯಿಂದ ವಿನಾಯಿತಿ ಕೊಟ್ಟಿದೆ. ಅದರ ಹಿಂದಿನ 132ನೇ ಕಲಂ ಗೋಷಾ ಪದ್ಧತಿಯ ಹೆಂಗಸರಿಗೆ. ಬೀದಿಬೀದಿಯ ಫ್ಲೆಕ್ಸಿನಲ್ಲಿ ಹಲ್ಲು ಕಿರಿಯುವವರಿಗೆ ಗೋಷಾದ ಪಕ್ಕದ ಮನೆ ಗೊತ್ತುಮಾಡಿದವನು ರಸಿಕನೇ ಇರಬೇಕು.

ತ್ಯಾವಣಿಗೆಯವನಿಗೆ ಅಂಥ ಕಲಂ ಇಲ್ಲ. ಪಾಲಿನ ದಾವೆಯ ವಾಯಿದೆ ಇದ್ದ ದಿನ, ಬರಬೇಕಿಲ್ಲ ಎಂದು ವಕೀಲರು ಹೇಳಿದರೂ ಜೀವ ತಡೆಯದೆ, ಗೊನೆ ಕೊಯ್ಯುವ ಆಳುಗಳನ್ನು ವಾಪಸು ಕಳಿಸಿ, ಕಾಗದದ ಚೀಲ ಕಂಕುಳಲ್ಲಿಟ್ಟು ಚನ್ನಗಿರಿ ಬಸ್ಸು ಹತ್ತುತ್ತಾನೆ. ಹೆಸರು ಕೂಗುವ ಹೊತ್ತಿಗೆ ಮೂತ್ರಕ್ಕೆ ಹೋಗಿದ್ದರೆ ಏನು ಗತಿಯೆಂದು ಮಧ್ಯಾಹ್ನದವರೆಗೆ ಚಹಾ ಕೂಡ ಮುಟ್ಟುವುದಿಲ್ಲ. ಕೊನೆಗೆ ಸಿಗುವುದು ಮುಂದಿನ ತಾರೀಖು.

ಮಾನ್ಯರ ಕಾಲಿಗೆ ಶಕ್ತಿಯಿಲ್ಲವೆಂದಲ್ಲ. 2022ರ ಏಪ್ರಿಲ್‌ನಲ್ಲಿ ಆಗಿನ ಸಚಿವ ಕೆ.ಎಸ್. ಈಶ್ವರಪ್ಪನವರ ರಾಜೀನಾಮೆ ಕೇಳಿ ಬೆಂಗಳೂರಿನ ರಸ್ತೆಗಿಳಿದಿದ್ದ ಸಿದ್ದರಾಮಯ್ಯನವರು, ಅದಕ್ಕಾಗಿ ತಮ್ಮ ಮೇಲೆ ಬಿದ್ದ ಮೊಕದ್ದಮೆ ರದ್ದಾಗಲಿ ಎಂದು ಹೈಕೋರ್ಟಿಗೆ ಹೋದರು. 2024ರ ಫೆಬ್ರವರಿ 6ರಂದು ಹೈಕೋರ್ಟು 10,000 ರೂಪಾಯಿ ದಂಡ ಹಾಕಿ, ಮಾರ್ಚ್ 6ಕ್ಕೆ ವಿಶೇಷ ನ್ಯಾಯಾಲಯದೆದುರು ಖುದ್ದು ನಿಲ್ಲಬೇಕೆಂದಿತು. ಫೆಬ್ರವರಿ 19ಕ್ಕೇ ಸುಪ್ರೀಂ ಕೋರ್ಟಿನ ತಡೆ ಬಂತು. ಬೀದಿಗೆ ತಾವೇ ಬಂದವರು. ಕಟಕಟೆಯ ದಾರಿ ಮಾತ್ರ ದೆಹಲಿ ಸುತ್ತಿ ಮನೆಗೇ ವಾಪಸಾಯಿತು.

ಚನ್ನಗಿರಿಯ ಕಥೆ ಬೇರೆ. 2023ರ ಮಾರ್ಚ್ 7ರಂದು ಹೈಕೋರ್ಟಿನಿಂದ ಮಧ್ಯಂತರ ನಿರೀಕ್ಷಣಾ ಜಾಮೀನು ಸಿಕ್ಕಾಗ, ಲಂಚದ ಪ್ರಕರಣದಲ್ಲಿ ಆರೋಪಿಯಾಗಿದ್ದ ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರು ಊರಿಗೆ ಬಂದದ್ದು ಮೆರವಣಿಗೆಯಲ್ಲಿ, ಹಾರ ಪಟಾಕಿ ಸಮೇತ. 27ಕ್ಕೆ ಅರ್ಜಿ ವಜಾ, ಅಂದೇ ಬಂಧನ. ಡಿಸೆಂಬರ್‌ನಲ್ಲಿ ಹೈಕೋರ್ಟು ಅವರ ಮೇಲಿನ ಪ್ರಕರಣವನ್ನೇ ರದ್ದು ಮಾಡಿತು. ಊರಿನವರಿಗೆ ಕೇಳಿಸಿದ್ದು ಪಟಾಕಿ, ವಾದವಲ್ಲ.

ಖುದ್ದು ಬಂದವರೂ ಇದ್ದಾರೆ. 1975ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಇಂದಿರಾ ಗಾಂಧಿ ತಮ್ಮ ಚುನಾವಣಾ ತಕರಾರಿನಲ್ಲಿ ಅಲಹಾಬಾದ್ ಹೈಕೋರ್ಟಿಗೆ ಖುದ್ದು ಬಂದು ಸಾಕ್ಷಿ ಹೇಳಿದರು. ಅವರು ಒಳಬಂದಾಗ ಯಾರೂ ಏಳಕೂಡದೆಂದು ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಮೊದಲೇ ಹೇಳಿಟ್ಟಿದ್ದರು. ಮಾನ್ಯರಿಗೆ ಅಂಜಿಕೆ ಇದೇ ಇದ್ದೀತು: ತಾವು ಬಂದರೂ ಎಲ್ಲರೂ ಕೂತೇ ಇರುವ ಕೋಣೆ.

ಆದರೂ ತಮ್ಮ ಕೇಸಿನ ದಿನ ಕೋರ್ಟಿಗೆ ಬರಲಿ. ಕಾರಿನ ಸಾಲು, ಹಾರ ಬಿಟ್ಟು, ಮೊಬೈಲು ಆಫ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂರಲಿ. ಆಗದಿದ್ದರೆ ಹೈಕೋರ್ಟಿನ ಕಲಾಪ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತದೆ, ಅದನ್ನಾದರೂ ನೋಡಲಿ. ಚಹಾ ಮಾತ್ರ ಕುಡಿಯದಿರಲಿ. ಅಷ್ಟರಲ್ಲಿ ಕೇಸಿನ ನಂಬರು ಕೂಗಿಬಿಟ್ಟಾರು.