ಬೆತ್ತಲಾಗಲು ಬೇಕಾದ ಅರ್ಹತೆಗಳು

ನಮ್ಮ ದೇಶದಲ್ಲಿ ಬಟ್ಟೆಯಿಲ್ಲದೆಯೂ ಮರ್ಯಾದೆಯಿಂದ ನಿಲ್ಲಬೇಕೆಂದು ಬಯಸುವವರಿಗೆ ತಕ್ಕ ಮಾರ್ಗದರ್ಶನ ಸಿಗುತ್ತಿಲ್ಲ. ಎಂಜಿನಿಯರಿಂಗ್ ಸೀಟಿಗೆ ಕೌನ್ಸೆಲಿಂಗ್ ಉಂಟು, ಇದಕ್ಕಿಲ್ಲ. ಆ ಕೊರತೆ ನೀಗಿಸಲು ಇಲ್ಲಿದೆ ಅರ್ಹತೆಗಳ ಪಟ್ಟಿ.

ಒಂದು: ಕಲ್ಲಾಗಿರಬೇಕು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಚಾವುಂಡರಾಯ ಮಾಡಿಸಿ ಸಾವಿರ ವರ್ಷ ದಾಟಿತು. ಹನ್ನೆರಡು ವರ್ಷಕ್ಕೊಮ್ಮೆ ಹಾಲು, ಅರಿಶಿನ, ಗಂಧದ ಅಭಿಷೇಕ. ಅಜ್ಜಿ ಮೊಮ್ಮಕ್ಕಳ ಸಮೇತ ಬೆಟ್ಟ ಹತ್ತುತ್ತಾರೆ, ಟಿವಿಯವರು ನೇರಪ್ರಸಾರ ಮಾಡುತ್ತಾರೆ, ಯಾರೂ ಮಕ್ಕಳ ಕಣ್ಣು ಮುಚ್ಚುವುದಿಲ್ಲ. ಮುಚ್ಚಬೇಕಾಗಿಯೂ ಇಲ್ಲ.

ಕಲ್ಲಾದರೂ ಹೆಣ್ಣಾದರೆ ಮಾತ್ರ ಒಂದು ಕಾರಣ ಜೊತೆಗಿರಲಿ. ಬೇಲೂರಿನಲ್ಲಿ ಸೀರೆ ಕಳಚಿ ನಿಂತ ಮದನಿಕೆಯ ಪಾದದ ಬಳಿ ಚೇಳೊಂದಿದೆ. ಗೈಡು ವಿವರಿಸುತ್ತಾನೆ: ‘ಸೀರೆಯೊಳಗೆ ಚೇಳು ಹೊಕ್ಕಿತ್ತು ಸಾರ್, ಕೊಡವಿದಳು.’ ಗುಂಪಿನವರೆಲ್ಲ ನೆಮ್ಮದಿಯಿಂದ ತಲೆಯಾಡಿಸುತ್ತಾರೆ. ಸದ್ಯ, ಬೇಕೆಂದೇ ನಿಂತವಳಲ್ಲ! ಚೇಳು ಇಲ್ಲದಿದ್ದರೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ದೇವಾಲಯದ ಗತಿ ಏನಾಗುತ್ತಿತ್ತೋ.

ಎರಡು: ವಿಳಾಸ ಸರಿಯಿರಬೇಕು. ಇದು ನನ್ನ ಸಲಹೆಯಲ್ಲ, ಕಾನೂನಿನದೇ. ಅಶ್ಲೀಲತೆಯನ್ನು ಶಿಕ್ಷಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 292ನೇ ಕಲಮು ಕೆಲವಕ್ಕೆ ವಿನಾಯಿತಿ ಕೊಟ್ಟಿತ್ತು: ಪ್ರಾಚೀನ ಸ್ಮಾರಕಗಳಲ್ಲಿ, ದೇವಸ್ಥಾನಗಳಲ್ಲಿ, ದೇವರನ್ನು ಹೊರುವ ತೇರಿನ ಮೇಲೆ ಕೆತ್ತಿದ, ಬರೆದ ಚಿತ್ರಗಳಿಗೆ ಅದು ಅನ್ವಯಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯೂ ಈ ತೇರನ್ನು ಅಕ್ಕರೆಯಿಂದ 294ನೇ ಕಲಮಿಗೆ ಎಳೆದು ತಂದಿದೆ. ಆದ್ದರಿಂದ ಕಲಾವಿದರೇ, ಗ್ಯಾಲರಿಗೆ ಬಾಡಿಗೆ ಕಟ್ಟುವ ಬದಲು ನಿಮ್ಮ ಕ್ಯಾನ್ವಾಸಿಗೆ ನಾಲ್ಕು ಗಾಲಿ ಜೋಡಿಸಿ, ಹಗ್ಗ ಕಟ್ಟಿ, ಮೇಲೊಂದು ಉತ್ಸವಮೂರ್ತಿ ಕೂರಿಸಿ. ಊರವರೇ ಎಳೆಯುತ್ತಾರೆ, ಬಾಳೆಹಣ್ಣು–ದವನ ಎಸೆಯುತ್ತಾರೆ.

ಮೂರು: ಸತ್ತಿರಬೇಕು. ಇದು ಖಚಿತವಾದ ಅರ್ಹತೆ ಎಂದು ನಾನೂ ನಂಬಿದ್ದೆ. ಕಲಾವಿದ ಅಕ್ಬರ್ ಪದಮ್‌ಸೀ 1954ರಲ್ಲಿ ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಪ್ರೇಮಿಗಳ ನಗ್ನ ಚಿತ್ರ ತೂಗುಹಾಕಿದರು. ಪೊಲೀಸರು ತೆಗೆಯಿರಿ ಎಂದರು, ಅವರು ಒಲ್ಲೆ ಎಂದರು. ಬಂಧನವಾಯಿತು, ಮೊಕದ್ದಮೆ ನಡೆಯಿತು, ಗೆದ್ದರು. 2020ರಲ್ಲಿ ತೀರಿಕೊಂಡರು. ಆಮೇಲೆ ಅವರವೂ ಎಫ್.ಎನ್. ಸೋಜಾರವೂ ಆದ ಕೆಲವು ನಗ್ನ ಚಿತ್ರಗಳು ವಿದೇಶದಿಂದ ಮುಂಬಯಿಗೆ ಬಂದಾಗ ಕಸ್ಟಮ್ಸ್‌ನವರು ಅಶ್ಲೀಲವೆಂದು ಹಿಡಿದಿಟ್ಟರು. 2024ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಆ ಆದೇಶ ರದ್ದು ಮಾಡಿ, ನಗ್ನವಾದದ್ದೆಲ್ಲ ಅಶ್ಲೀಲವಲ್ಲ ಎಂದು ತಿಳಿಹೇಳಬೇಕಾಯಿತು. ಎಪ್ಪತ್ತು ವರ್ಷದ ಹಿಂದೆ ಪಾಸಾದ ಪರೀಕ್ಷೆಯನ್ನು ಸತ್ತ ಮೇಲೆ ಮತ್ತೊಮ್ಮೆ ಬರೆಯಬೇಕಾದ ವಿದ್ಯಾರ್ಥಿ ಪದಮ್‌ಸೀ ಒಬ್ಬರೇ ಇರಬೇಕು. ಎಂ.ಎಫ್. ಹುಸೇನ್ ಕೂಡ ಇಂಥದೇ ಮೊಕದ್ದಮೆಯನ್ನು 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. ಆದರೂ ಊರಿಗೆ ಮರಳಲಾಗದೆ 2011ರಲ್ಲಿ ಲಂಡನ್ನಿನಲ್ಲಿ ಕಣ್ಣುಮುಚ್ಚಿದರು. ಹೀಗಾಗಿ ಈ ಅರ್ಹತೆಯನ್ನು ಪಟ್ಟಿಯಿಂದ ಕೈಬಿಡಲಾಗಿದೆ.

ನಾಲ್ಕು: ಸಂತರಾಗಿರಬೇಕು. ದಿಗಂಬರ ಮುನಿಗಳು ಬಂದರೆ ರಸ್ತೆ ಬಿಟ್ಟು ಕೈಮುಗಿಯುತ್ತೇವೆ. ಅಕ್ಕಮಹಾದೇವಿ ಉಡುಗೆ ತೊರೆದು ಉಡುತಡಿಯಿಂದ ಹೊರಟಳೆಂದು ವೇದಿಕೆ ಮೇಲೆ ಗದ್ಗದಿತರಾಗುತ್ತೇವೆ. ಆದರೆ ಕ್ಯಾಲೆಂಡರಿನಲ್ಲಿ ಆಕೆಗೆ ಮೊಣಕಾಲು ದಾಟುವಷ್ಟು ಕೂದಲು ಬೆಳೆಸಿರುತ್ತೇವೆ. ಹನ್ನೆರಡನೇ ಶತಮಾನದಲ್ಲಿ ಆಕೆ ಕಳಚಿದ್ದನ್ನು ಶಿವಕಾಶಿಯ ಪ್ರೆಸ್ಸಿನಲ್ಲಿ ಮತ್ತೆ ಉಡಿಸಿದ್ದೇವೆ, ಬಟ್ಟೆ ಬದಲು ಕೂದಲು, ಅಷ್ಟೇ.

ಉಳಿದ ಮೂರರಲ್ಲಿ ಯಾವ ಅರ್ಹತೆಯೂ ಇಲ್ಲದ ಒಬ್ಬಳಿದ್ದಾಳೆ: ಕಲಾಶಾಲೆಯ ಮಾಡೆಲ್. ಮನುಷ್ಯನ ದೇಹ ಬರೆಯಲು ಕಲಿಯುವವರ ಮುಂದೆ ಬಟ್ಟೆಯಿಲ್ಲದೆ, ಅಲುಗಾಡದೆ, ಕಾಲು ಜೋಮು ಹಿಡಿಯುವವರೆಗೆ ನಿಲ್ಲುವುದು ಅವಳ ಕೆಲಸ. ಅದಕ್ಕೆ ದಿನಗೂಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಹೀಗೆ ನಿಂತು ಮಗನನ್ನು ಓದಿಸುವ ತಾಯಿಯ ಕತೆಯನ್ನು ರವಿ ಜಾಧವ್ ‘ನ್ಯೂಡ್’ ಎಂಬ ಮರಾಠಿ ಸಿನಿಮಾ ಮಾಡಿದರು. 2017ರ ಗೋವಾ ಚಿತ್ರೋತ್ಸವಕ್ಕೆ ತೀರ್ಪುಗಾರರು ಆರಿಸಿದರು, ಕೇಂದ್ರ ವಾರ್ತಾ ಇಲಾಖೆ ಕಿತ್ತುಹಾಕಿತು. ಮರುವರ್ಷ ಸೆನ್ಸಾರ್ ಮಂಡಳಿ ಒಂದು ಕಟ್ಟೂ ಇಲ್ಲದೆ ‘ಎ’ ಸರ್ಟಿಫಿಕೇಟ್ ಕೊಟ್ಟಿತು. ಆ ಹೆಂಗಸು ಬಟ್ಟೆ ಕಳಚಿದ್ದಕ್ಕೋ, ಕಳಚಿ ಫೀಸು ಕಟ್ಟಿದ್ದಕ್ಕೋ ಇಲಾಖೆಗೆ ಮುಜುಗರವಾದದ್ದು ಎಂಬುದು ಇನ್ನೂ ತಿಳಿದಿಲ್ಲ.

ನಾನು ಊಹಿಸಬಲ್ಲೆ. ಎಲ್ಲವನ್ನೂ ಬಿಟ್ಟವರ ಬೆತ್ತಲೆ ನಮಗೆ ವೈರಾಗ್ಯ. ತಿಂಗಳ ಕೊನೆಗೆ ರೇಷನ್ನು ತರಬೇಕಾದವರ ಬೆತ್ತಲೆ ನಮಗೆ ಅಸಹ್ಯ. ಅದೇ ನಗ್ನ ದೇಹವನ್ನು ಮೆಡಿಕಲ್ ಕಾಲೇಜಿನ ಹುಡುಗ ಕೊಯ್ದು ನೋಡಿದರೆ ‘ಡಾಕ್ಟರ್ ವರ’, ಹುಡುಕಿಕೊಂಡು ಹೋಗುತ್ತೇವೆ. ಕಲಾಶಾಲೆಯ ಹುಡುಗ ಪೆನ್ಸಿಲ್ ಹಿಡಿದು ನೋಡಿದರೆ ‘ಪೋಲಿ’. ನೋಡಿಸಿಕೊಂಡವಳಿಗೆ ಇಟ್ಟಿರುವ ಹೆಸರನ್ನು ಇಲ್ಲಿ ಅಚ್ಚು ಮಾಡಿದರೆ 294ನೇ ಕಲಮು ನನ್ನ ಮೇಲೇ ಬಂದೀತು.

ಹಾಗಾದರೆ ವಿನಾಯಿತಿಯ ಪಟ್ಟಿಗೆ ತೇರಿನ ಪಕ್ಕದಲ್ಲಿ ಅವಳನ್ನೂ ಸೇರಿಸಿಬಿಡೋಣವೆ? ಪ್ರಯೋಜನವಿಲ್ಲ. ತರಗತಿಯಲ್ಲಿ ನಿಂತದ್ದಕ್ಕೆ ಪೊಲೀಸರು ಅವಳನ್ನು ಹಿಡಿದಿಲ್ಲ, ಹಿಡಿಯುವ ಗೋಜೂ ಅವರಿಗಿಲ್ಲ. ಆ ಕೆಲಸವನ್ನು ನಾವೇ ಸಂಬಳವಿಲ್ಲದೆ ಮಾಡುತ್ತಿದ್ದೇವೆ. ಪದಮ್‌ಸೀಗೆ ಹೈಕೋರ್ಟ್ ಇತ್ತು, ನಮ್ಮ ವಠಾರದ ತೀರ್ಪಿಗೆ ಮೇಲ್ಮನವಿ ಇಲ್ಲ. ಅವಳನ್ನು ನೋಡಿ ಬರೆದ ಚಿತ್ರ ಚೌಕಟ್ಟು ಹಾಕಿಸಿಕೊಂಡು ಬಂದರೆ ಪಡಸಾಲೆಯ ಗೋಡೆಗೆ ನೇತುಹಾಕಿ, ಬಂದವರಿಗೆಲ್ಲ ಅದರ ಬೆಲೆ ಹೇಳುತ್ತೇವೆ. ಅವಳೇ ಬಾಡಿಗೆ ಮನೆ ಕೇಳಿಕೊಂಡು ಬಂದರೆ, ‘ಇದು ಮರ್ಯಾದಸ್ಥರು ಇರೋ ಜಾಗ ಕಣಮ್ಮ’ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ.